ಇಂಗ್ಲಿಷ್ ಪರೀಕ್ಷೆಯ ಸಿದ್ಧತೆಗೆ ಕನ್ನಡ ತರಗತಿಯ ‘ಸಮನ್ವಯ’

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಬಿ.ಎ.ಯಲ್ಲಿ ಇಂಗ್ಲಿಷನ್ನು ಐಚ್ಛಿಕ ವಿಷಯವಾಗಿ ಓದುತ್ತಿದ್ದೇನೆ. ಪರೀಕ್ಷೆಗೆ ಐದು ವಾರ ಉಳಿದಿದೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’, ಜೇನ್ ಆಸ್ಟೆನ್ ಬರೆದ ‘ಪ್ರೈಡ್ ಅಂಡ್ ಪ್ರೆಜುಡಿಸ್’, ವರ್ಡ್ಸ್‌ವರ್ತ್, ಶೆಲ್ಲಿ ಮತ್ತು ಥಾಮಸ್ ಗ್ರೇ ಅವರ ಒಂದೊಂದು ಕವಿತೆ ಪಠ್ಯದಲ್ಲಿವೆ. ಇವುಗಳ ಜೊತೆಗೆ ಸಾಹಿತ್ಯ ಸಾಧನಗಳು ಮತ್ತು ವ್ಯಾಕರಣದ ಮೇಲೂ ಪ್ರಶ್ನೆಗಳಿರುತ್ತವೆ. ಫಿಗರ್ಸ್ ಆಫ್ ಸ್ಪೀಚ್, ಅಂದರೆ ಅಲಂಕಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ. ಆದರೂ ಒಂದು ಸಾಲು ಕೊಟ್ಟು ಇದರಲ್ಲಿ ಏನಿದೆ ಎಂದು ಕೇಳಿದರೆ ಗೊಂದಲವಾಗುತ್ತದೆ. ನಾಟಕ, ಕಾದಂಬರಿಗಳಿಗೆ ಗೈಡಿನ ಸಾರಾಂಶ ಸಾಕೇ? ವ್ಯಾಕರಣವನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ಲಕ್ಷಣಗಳೆಲ್ಲ ಬಾಯಿಗೆ ಬರುತ್ತಿದ್ದರೂ ಸಾಲು ಎದುರಾದಾಗ ಕೈ ಕಟ್ಟಿದಂತಾಗುವುದಕ್ಕೆ ಕಾರಣ ನೀವು ಕಡಿಮೆ ಓದಿರುವುದಲ್ಲ. ಲಕ್ಷಣವನ್ನು ಸಾಲಿನೊಡನೆ ಕೂಡಿಸುವ ಅಭ್ಯಾಸವನ್ನು ಇಂಗ್ಲಿಷ್ ತರಗತಿಗೆ ಬರುವಾಗ ಹಿಂದೆಯೇ ಬಿಟ್ಟು ಬಂದಿದ್ದೀರಿ. ಹತ್ತನೇ ತರಗತಿಯ ಕನ್ನಡ ಪರೀಕ್ಷೆಯಲ್ಲಿ ಅಲಂಕಾರದ ಪ್ರಶ್ನೆಗೆ ನೀವು ಹೇಗೆ ಉತ್ತರಿಸಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಮೊದಲು ಅಲಂಕಾರದ ಹೆಸರು, ಅನಂತರ ಲಕ್ಷಣ, ಕೊನೆಯಲ್ಲಿ ಸಮನ್ವಯ. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕ ಪದ ಯಾವುದು, ಸಮಾನಧರ್ಮ ಯಾವುದು ಎಂದು ಬಿಡಿಸಿ ತೋರಿಸಿ, ಇವೆಲ್ಲ ಇರುವುದರಿಂದ ಇದು ಉಪಮಾಲಂಕಾರ ಎಂದು ಮುಗಿಸುತ್ತಿದ್ದಿರಿ. ಈ ಸಮನ್ವಯದ ಕ್ರಮವನ್ನು ಇಂಗ್ಲಿಷ್ ಸಾಲುಗಳಿಗೂ ಅನ್ವಯಿಸಿ, ಅದಕ್ಕೆ ಇನ್ನೊಂದೇ ಒಂದು ಹೆಜ್ಜೆಯನ್ನು ಸೇರಿಸಿ ಎಂಬುದು ನನ್ನ ಸಲಹೆಯ ತಿರುಳು. ಕನ್ನಡ ಮಾಧ್ಯಮದಿಂದ ಬಂದದ್ದು ಇಲ್ಲಿ ಕೊರತೆಯಲ್ಲ. ಆದರೆ ಕನ್ನಡದ ಲಕ್ಷಣ ಮತ್ತು ಇಂಗ್ಲಿಷಿನ ಲಕ್ಷಣ ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಮಾತ್ರ ಎಚ್ಚರದಿಂದ ತಿಳಿದಿರಬೇಕು.

ಸರಳವಾದ ಸಿಮಿಲಿಯಿಂದ, ಅಂದರೆ ಉಪಮೆಯಿಂದ ಆರಂಭಿಸೋಣ. ವರ್ಡ್ಸ್‌ವರ್ತ್ 1807ರಲ್ಲಿ ಪ್ರಕಟಿಸಿದ ಡ್ಯಾಫೊಡಿಲ್ ಕವಿತೆಯ ಮೊದಲ ಸಾಲು ‘ಐ ವಾಂಡರ್ಡ್ ಲೋನ್ಲಿ ಆ್ಯಸ್ ಎ ಕ್ಲೌಡ್’. ಇಲ್ಲಿ ‘ಐ’ ಉಪಮೇಯ, ‘ಕ್ಲೌಡ್’ ಉಪಮಾನ, ‘ಆ್ಯಸ್’ ವಾಚಕ ಪದ, ಒಂಟಿಯಾಗಿ ಗುರಿಯಿಲ್ಲದೆ ಅಲೆಯುವುದು ಸಮಾನಧರ್ಮ. ಕನ್ನಡ ಪತ್ರಿಕೆಯಾಗಿದ್ದರೆ ಉತ್ತರ ಇಲ್ಲಿಗೆ ಮುಗಿಯುತ್ತಿತ್ತು. ಇಂಗ್ಲಿಷ್ ಪತ್ರಿಕೆಯ ಪರೀಕ್ಷಕರು ಇನ್ನೂ ಒಂದನ್ನು ನಿರೀಕ್ಷಿಸುತ್ತಾರೆ: ಈ ಹೋಲಿಕೆ ಈ ಕವಿತೆಯಲ್ಲಿ ಮಾಡುವ ಕೆಲಸವೇನು? ಮೊದಲ ಸಾಲಿನಲ್ಲಿ ಒಂಟಿಯಾಗಿದ್ದ ಕವಿ ಅದೇ ಪದ್ಯಭಾಗದಲ್ಲಿ ಹೂವುಗಳ ದೊಡ್ಡ ಗುಂಪನ್ನು ಕಾಣುತ್ತಾನೆ. ಮುಂದೆ ಅವುಗಳನ್ನು ಉಲ್ಲಾಸದ ಸಹವಾಸವೆಂದು ಕರೆಯುತ್ತಾನೆ. ಕೊನೆಯ ಪದ್ಯಭಾಗದಲ್ಲಿ ಮತ್ತೆ ಒಂಟಿಯಾಗಿ ಮಂಚದ ಮೇಲೆ ಒರಗಿರುವಾಗ ಆ ಏಕಾಂತವೇ ಅವನಿಗೆ ಆನಂದವಾಗಿದೆ. ಅಂದರೆ ಮೋಡದ ಹೋಲಿಕೆಯು ಬರಿಯ ಒಂಟಿತನದಿಂದ ತುಂಬಿದ ಏಕಾಂತಕ್ಕೆ ಸಾಗುವ ಕವಿತೆಯ ಪಯಣದ ಮೊದಲ ತುದಿ. ಈ ಮಾತನ್ನು ಎರಡು ವಾಕ್ಯದಲ್ಲಿ ಬರೆದ ವಿದ್ಯಾರ್ಥಿಗೂ ‘ಸಿಮಿಲಿ’ ಎಂದು ಹೆಸರಿಸಿ ನಿಲ್ಲಿಸಿದ ವಿದ್ಯಾರ್ಥಿಗೂ ಅಂಕಗಳಲ್ಲಿ ದೊಡ್ಡ ಅಂತರ ಬೀಳುತ್ತದೆ.

ಮೆಟಫರಿನಲ್ಲಿ ಕನ್ನಡದ ಅಭ್ಯಾಸ ನಿಮ್ಮನ್ನು ಸ್ವಲ್ಪ ತಪ್ಪು ದಾರಿಗೆ ಎಳೆಯಬಹುದು. ರೂಪಕಾಲಂಕಾರದಲ್ಲಿ ಉಪಮೇಯ ಮತ್ತು ಉಪಮಾನ ಎರಡನ್ನೂ ಹೇಳಿ ಅವೆರಡಕ್ಕೂ ಭೇದವಿಲ್ಲವೆಂದು ವರ್ಣಿಸಲಾಗುತ್ತದೆ ಎಂದು ನೀವು ಕಲಿತಿದ್ದೀರಿ. ಇಂಗ್ಲಿಷಿನ ಮೆಟಫರ್ ಇದಕ್ಕಿಂತ ವಿಶಾಲವಾದದ್ದು. ಉಪಮೇಯವನ್ನು ಹೇಳದೆಯೇ ಬಿಟ್ಟರೂ ಅದು ಮೆಟಫರೇ ಆಗುತ್ತದೆ. ನಮ್ಮ ಅಲಂಕಾರಿಕರು ಅಂಥ ಸಂದರ್ಭವನ್ನು ರೂಪಕದಿಂದ ಬೇರ್ಪಡಿಸಿ ಅತಿಶಯೋಕ್ತಿಯ ಒಂದು ಬಗೆಯಾಗಿ ಎಣಿಸಿದ್ದಾರೆ. ‘ಮ್ಯಾಕ್‌ಬೆತ್’ ನಾಟಕದ ಐದನೇ ಅಂಕದ ಐದನೇ ದೃಶ್ಯದಲ್ಲಿ, ಹೆಂಡತಿ ಸತ್ತ ಸುದ್ದಿ ಕೇಳಿದ ಮ್ಯಾಕ್‌ಬೆತ್ ‘ಔಟ್, ಔಟ್, ಬ್ರೀಫ್ ಕ್ಯಾಂಡಲ್’ ಎನ್ನುತ್ತಾನೆ. ಆ ಮಾತಿನಲ್ಲಿ ಮೇಣದ ಬತ್ತಿ ಮಾತ್ರ ಇದೆ, ಜೀವನ ಎಂಬ ಪದವಿಲ್ಲ. ಎರಡೂ ಪದಗಳಿಗಾಗಿ ಹುಡುಕುವ ವಿದ್ಯಾರ್ಥಿ ಇಲ್ಲಿ ಅಲಂಕಾರವೇ ಇಲ್ಲವೆಂದು ಮುಂದೆ ಹೋಗಿಬಿಡುತ್ತಾನೆ. ಕಾಣದ ಉಪಮೇಯವನ್ನು ನೀವೇ ತುಂಬಿ ಬರೆಯಬೇಕು. ಮರುಸಾಲಿನಲ್ಲೇ ಜೀವನವೆಂಬ ಪದ ಬಂದು ಅದು ‘ವಾಕಿಂಗ್ ಶ್ಯಾಡೋ’ ಆಗುತ್ತದೆ, ಅನಂತರ ರಂಗದ ಮೇಲೆ ಗಂಟೆಹೊತ್ತು ಕೂಗಾಡಿ ಮರೆಯಾಗುವ ಬಡ ನಟನಾಗುತ್ತದೆ, ಕೊನೆಗೆ ಮೂಢನೊಬ್ಬ ಹೇಳಿದ ಕಥೆಯಾಗುತ್ತದೆ. ಇವು ಬಿಡಿಬಿಡಿ ರೂಪಕಗಳಾಗಿ ಬಂದವಲ್ಲ. ಬತ್ತಿಯ ಬೆಳಕಿನಿಂದ ನೆರಳು ಹುಟ್ಟಿತು, ನೆರಳಿನಂತೆ ಓಡಾಡುವವನು ನಟ, ನಟನು ಆಡುವುದು ಕಥೆ. ಇದೇ ಅಂಕದ ಮೊದಲ ದೃಶ್ಯದಲ್ಲಿ ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುತ್ತ ಕೈಯಲ್ಲಿ ದೀಪ ಹಿಡಿದು ಬಂದಿದ್ದಳು ಮತ್ತು ತನ್ನ ಬಳಿ ಸದಾ ಬೆಳಕಿರಬೇಕೆಂದು ಆಕೆಯೇ ಆಜ್ಞೆ ಮಾಡಿದ್ದಳು ಎಂಬುದನ್ನು ನೆನೆದರೆ, ಆರಿಹೋದ ಬತ್ತಿ ಯಾರದೆಂಬುದೂ ಹೊಳೆಯುತ್ತದೆ. ಒಂದು ಅಲಂಕಾರವನ್ನು ನಾಟಕದ ಇನ್ನೊಂದು ದೃಶ್ಯದೊಡನೆ ಹೀಗೆ ಕೂಡಿಸುವುದನ್ನು ಕಲಿತರೆ ‘ಸಾಹಿತ್ಯ ಸಾಧನ’ ಮತ್ತು ‘ಶ್ರೇಷ್ಠ ಕೃತಿ’ ಎಂಬ ಎರಡು ನೋಟ್‌ಬುಕ್ಕುಗಳು ಬೇಕಾಗುವುದಿಲ್ಲ.

ಅಲಿಟರೇಶನ್ ಗುರುತಿಸಲು ನಿಮಗೊಂದು ಅನುಕೂಲವಿದೆ. ಇಂಗ್ಲಿಷ್ ಮಾಧ್ಯಮದ ನಿಮ್ಮ ಸಹಪಾಠಿಗಳು ಅದನ್ನು ಸಾಮಾನ್ಯವಾಗಿ ಬಳಸುವುದಿಲ್ಲ. ಅಲಿಟರೇಶನ್ ಎಂದರೆ ಪದಾದಿಯಲ್ಲಿ ಒಂದೇ ಧ್ವನಿ ಮರಳುವುದು, ಒಂದೇ ಇಂಗ್ಲಿಷ್ ಅಕ್ಷರ ಮರಳುವುದಲ್ಲ. ಅನುಮಾನ ಬಂದಾಗ ಸಾಲನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ‘ಸಿಟಿ’ ಮತ್ತು ‘ಕ್ಯಾಟ್’ ಪದಗಳು ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಆರಂಭವಾದರೂ ಧ್ವನಿ ಬೇರೆ ಎಂಬುದು ಕನ್ನಡದಲ್ಲಿ ಬರೆದ ಕೂಡಲೇ ಕಣ್ಣಿಗೆ ಬೀಳುತ್ತದೆ. ‘ನೈಫ್’ ಮತ್ತು ‘ನೆವರ್’ ಬೇರೆ ಬೇರೆ ಅಕ್ಷರಗಳಿಂದ ಆರಂಭವಾದರೂ ಧ್ವನಿ ಒಂದೇ ಎಂಬುದೂ ಹಾಗೆಯೇ. ಗ್ರೇ ಕವಿಯ 1751ರ ಎಲಿಜಿಯಲ್ಲಿ (ಶೋಕಗೀತೆಯಲ್ಲಿ) ಬರುವ ‘ದ ಪ್ಲೌಮನ್ ಹೋಮ್‌ವರ್ಡ್ ಪ್ಲಾಡ್ಸ್ ಹಿಸ್ ವಿಯರಿ ವೇ’ ಎಂಬ ಸಾಲಿನಲ್ಲಿ ಪಕಾರ, ವಕಾರಗಳು ಎರಡೆರಡು ಬಾರಿ ಬಂದಿರುವುದನ್ನು ಈ ರೀತಿ ಸುಲಭವಾಗಿ ಕಾಣಬಹುದು. ಕನ್ನಡ ಲಿಪಿಯ ಈ ಪರೀಕ್ಷೆ ಕೈಕೊಡುವ ಜಾಗವೂ ಇದೆ: ದ್ರಾಕ್ಷಿಯ ಬಳ್ಳಿಗೂ ದ್ರಾಕ್ಷಿಯ ಮದ್ಯಕ್ಕೂ ನಾವು ‘ವೈನ್’ ಎಂದೇ ಬರೆಯುತ್ತೇವೆ, ಇಂಗ್ಲಿಷಿನಲ್ಲಿ ಅವೆರಡರ ಮೊದಲ ಧ್ವನಿ ಬೇರೆ. ಇನ್ನೊಂದು ಎಚ್ಚರಿಕೆ: ಹಳಗನ್ನಡ ಪದ್ಯಗಳಲ್ಲಿ ಸಾಲಿನ ಎರಡನೆಯ ಅಕ್ಷರದಲ್ಲಿ ವ್ಯಂಜನ ಮರಳುವ ಆದಿಪ್ರಾಸವನ್ನು ಇದರೊಡನೆ ಸಮೀಕರಿಸಬೇಡಿ. ಅದಕ್ಕೆ ಇಂಗ್ಲಿಷಿನಲ್ಲಿ ನೇರವಾದ ಜೊತೆಯಿಲ್ಲ.

ಗ್ರೇಯ ಅದೇ ಸಾಲಿನಲ್ಲಿ ಪರೀಕ್ಷೆಗೆ ಬಹಳ ಪ್ರಿಯವಾದ ಟ್ರಾನ್ಸ್‌ಫರ್ಡ್ ಎಪಿಥೆಟ್ ಕೂಡ ಇದೆ. ದಣಿದಿರುವವನು ರೈತ, ಆದರೆ ‘ವಿಯರಿ’ ಎಂಬ ವಿಶೇಷಣ ಅಂಟಿಕೊಂಡಿರುವುದು ದಾರಿಗೆ. ಹೀಗೆ ಒಂದು ಸಾಲಿನಲ್ಲಿ ಎರಡು ಮೂರು ಸಾಧನಗಳಿರುವುದೇ ಸಾಮಾನ್ಯ; ಒಂದನ್ನು ಕಂಡ ಕೂಡಲೇ ಹುಡುಕುವುದನ್ನು ನಿಲ್ಲಿಸಬೇಡಿ. ಅನುಕರಣ ಧ್ವನಿಯ ವಿಷಯದಲ್ಲೂ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಚಟಪಟ, ಗುಡುಗುಡು ಮಾತ್ರವಲ್ಲದೆ ಧಗಧಗ, ಥಳಥಳ ಎಂಬಂಥ ಮಾತುಗಳೂ ಅನುಕರಣಾವ್ಯಯಗಳೇ, ಆದರೆ ಹೊಳಪಿಗೆ ಸದ್ದಿಲ್ಲ. ಇಂಗ್ಲಿಷಿನ ಒನೊಮ್ಯಾಟೊಪಿಯ ಸದ್ದಿನ ಅನುಕರಣಕ್ಕೆ ಮಾತ್ರ ಸಲ್ಲುತ್ತದೆ. ಹೊಳೆಯುವುದು, ಮಿನುಗುವುದು ಎಂಬ ಅರ್ಥದ ಪದಗಳನ್ನು ಆ ಪಟ್ಟಿಗೆ ಸೇರಿಸಿದರೆ ತಪ್ಪಾಗುತ್ತದೆ.

ಮೆಟೊನಿಮಿ, ಸಿನೆಕ್‌ಡಕಿ ಎಂಬ ಜೋಡಿ ಎಲ್ಲರನ್ನೂ ಕಾಡುತ್ತದೆ. ‘ಮನೆಯಲ್ಲಿ ತುಂಬಬೇಕಾದ ಹತ್ತು ಬಾಯಿಗಳಿವೆ’ ಎಂದಾಗ ಬಾಯಿ ಎಂಬ ಭಾಗವು ಇಡೀ ಮನುಷ್ಯನನ್ನು ಸೂಚಿಸುತ್ತದೆ, ಅದು ಸಿನೆಕ್‌ಡಕಿ. ‘ವಿಧಾನಸೌಧ ಇದಕ್ಕೆ ಒಪ್ಪಲಿಲ್ಲ’ ಎಂದಾಗ ಕಟ್ಟಡವು ಸರ್ಕಾರದ ಭಾಗವಲ್ಲ, ಅದರೊಡನೆ ಸಂಬಂಧವುಳ್ಳ ವಸ್ತು, ಹಾಗಾಗಿ ಮೆಟೊನಿಮಿ. ಲೇಡಿ ಮ್ಯಾಕ್‌ಬೆತ್ ಗಂಡನ ಪತ್ರ ಓದಿದ ಮೇಲೆ ‘ಗೋಲ್ಡನ್ ರೌಂಡ್’ ಎಂದು ಹೇಳುವುದು ಕಿರೀಟವನ್ನು. ಆಕೆ ಬಯಸುವುದು ಚಿನ್ನದ ಬಳೆಯನ್ನಲ್ಲ, ರಾಜಾಧಿಕಾರವನ್ನು. ಇದು ಮೆಟೊನಿಮಿ. ಇನ್ನು ಪರ್ಸಾನಿಫಿಕೇಶನ್ ಮತ್ತು ಅಪಾಸ್ಟ್ರಫಿಗಳ ನಡುವಿನ ಗೆರೆ ತೀರ ಸುಲಭ. ಜಡವಸ್ತುವಿಗೆ ಮನುಷ್ಯನ ಗುಣ ಹೇಳಿದರೆ ಮೊದಲನೆಯದು, ಜಡವಸ್ತುವನ್ನೋ ಎದುರಿಗಿಲ್ಲದವರನ್ನೋ ನೇರವಾಗಿ ಸಂಬೋಧಿಸಿದರೆ ಎರಡನೆಯದು. ಮೊದಲ ಅಂಕದಲ್ಲಿ ಮ್ಯಾಕ್‌ಬೆತ್ ನಕ್ಷತ್ರಗಳನ್ನು ಕುರಿತು ನಿಮ್ಮ ಬೆಂಕಿಯನ್ನು ಬಚ್ಚಿಡಿ ಎನ್ನುವಾಗ ಅಪಾಸ್ಟ್ರಫಿ ಇದೆ. ಪ್ಯಾರಡಾಕ್ಸ್ ಮತ್ತು ಆಕ್ಸಿಮೊರಾನ್ ನಡುವೆ ವಿಸ್ತಾರದ ವ್ಯತ್ಯಾಸವೇ ಮುಖ್ಯ: ವಿರೋಧವು ಎರಡು ಪದಗಳಲ್ಲಿ ಒತ್ತಟ್ಟಿಗೆ ಬಂದರೆ ಆಕ್ಸಿಮೊರಾನ್, ಇಡೀ ಹೇಳಿಕೆಯಲ್ಲಿ ಹರಡಿದ್ದರೆ ಪ್ಯಾರಡಾಕ್ಸ್. ಮಾಟಗಾತಿಯರು ಆಡುವ ‘ಫೇರ್ ಈಸ್ ಫೌಲ್, ಅಂಡ್ ಫೌಲ್ ಈಸ್ ಫೇರ್’ ಎಂಬುದು ಪ್ಯಾರಡಾಕ್ಸ್.

ಐರನಿಯ (ಹೇಳಿದ್ದು ಅಥವಾ ಎಣಿಸಿದ್ದು ಒಂದು, ನಿಜ ಇನ್ನೊಂದು ಆಗುವುದರ) ಬಗ್ಗೆ ಹೆಚ್ಚು ಹೊತ್ತು ಕಳೆಯಿರಿ, ಏಕೆಂದರೆ ನಿಮ್ಮ ನಾಟಕ ಮತ್ತು ಕಾದಂಬರಿ ಎರಡೂ ಅದರ ಮೇಲೆಯೇ ನಿಂತಿವೆ. ಡ್ರಮಾಟಿಕ್ ಐರನಿಗೆ ಹೆಚ್ಚಿನ ಗೈಡುಗಳು ‘ಪ್ರೇಕ್ಷಕರಿಗೆ ತಿಳಿದಿರುವುದು ಪಾತ್ರಕ್ಕೆ ತಿಳಿದಿರುವುದಿಲ್ಲ’ ಎಂಬ ಒಂದು ಸಾಲಿನ ವಿವರಣೆ ಕೊಟ್ಟು ಮುಗಿಸುತ್ತವೆ. ಮೊದಲ ಅಂಕದ ನಾಲ್ಕನೇ ದೃಶ್ಯವನ್ನು ಓದಿ. ದ್ರೋಹ ಬಗೆದ ಕಾಡರ್ ಪ್ರಾಂತದ ಒಡೆಯನಿಗೆ ಮರಣದಂಡನೆಯಾಗಿದೆ. ಮುಖ ನೋಡಿ ಮನಸ್ಸನ್ನು ಅರಿಯುವ ವಿದ್ಯೆ ಯಾವುದೂ ಇಲ್ಲ, ಅವನ ಮೇಲೆ ನಾನು ಸಂಪೂರ್ಣ ನಂಬಿಕೆ ಇಟ್ಟಿದ್ದೆ ಎಂದು ದೊರೆ ಡಂಕನ್ ಹೇಳುತ್ತಾನೆ. ಆ ಮಾತು ಮುಗಿಯುತ್ತಿದ್ದಂತೆ ರಂಗಕ್ಕೆ ಬರುವವನು ಮ್ಯಾಕ್‌ಬೆತ್, ಅಂದರೆ ಕಾಡರಿನ ಹೊಸ ಒಡೆಯ. ದೊರೆ ಅವನ ಮುಖ ನೋಡಿ ಹಿಗ್ಗುತ್ತಾನೆ. ಇದಕ್ಕೆ ಮೊದಲಿನ ದೃಶ್ಯದಲ್ಲೇ ಮ್ಯಾಕ್‌ಬೆತ್‌ನ ಮನಸ್ಸಿನಲ್ಲಿ ಕೊಲೆಯ ಯೋಚನೆ ಸುಳಿದದ್ದನ್ನು ಪ್ರೇಕ್ಷಕರು ಕೇಳಿದ್ದಾರೆ. ಒಂದು ಪ್ರವೇಶದ ಸಮಯವನ್ನು ಇಷ್ಟು ನಿಷ್ಕರುಣೆಯಿಂದ ಆರಿಸಿದ ನಾಟಕಕಾರನ ಕೈಚಳಕವನ್ನು ಮೂರು ವಾಕ್ಯಗಳಲ್ಲಿ ವಿವರಿಸಿದರೆ ಲಕ್ಷಣ ಬರೆಯುವ ಅಗತ್ಯವೇ ಬೀಳುವುದಿಲ್ಲ. ಇದೇ ನಾಟಕದಲ್ಲಿ ಇನ್ನೊಂದು ಜೋಡಿಯನ್ನು ಗುರುತು ಹಾಕಿಕೊಳ್ಳಿ. ಡಂಕನ್ ದೊರೆಯ ಕೊಲೆಯಾದ ರಾತ್ರಿ, ಎರಡನೇ ಅಂಕದ ಎರಡನೇ ದೃಶ್ಯದಲ್ಲಿ, ಸ್ವಲ್ಪ ನೀರು ಸಾಕು, ಈ ಕೃತ್ಯ ತೊಳೆದುಹೋಗುತ್ತದೆ ಎಂದವಳು ಲೇಡಿ ಮ್ಯಾಕ್‌ಬೆತ್. ಐದನೇ ಅಂಕದಲ್ಲಿ ಅರೇಬಿಯದ ಸುಗಂಧಗಳೆಲ್ಲ ಸೇರಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಎನ್ನುವವಳೂ ಅವಳೇ. ಅಲ್ಲಿ ‘ಲಿಟ್ಲ್ ವಾಟರ್’, ಇಲ್ಲಿ ‘ಲಿಟ್ಲ್ ಹ್ಯಾಂಡ್’. ನೆತ್ತರು, ನೀರು, ಕೈ ಈ ಮೂರರ ಪ್ರತಿಮೆಗಳ ಬಗ್ಗೆ ಬರುವ ಯಾವ ಪ್ರಶ್ನೆಗೂ ಈ ಎರಡು ಸಾಲುಗಳು ಬೆನ್ನೆಲುಬಾಗುತ್ತವೆ.

ಛಂದಸ್ಸಿನ ಪ್ರಶ್ನೆ ಬಂದರೆ ಬಹುತೇಕ ವಿದ್ಯಾರ್ಥಿಗಳು ಬಿಟ್ಟುಬಿಡುತ್ತಾರೆ. ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರಿಗೆ ಇದು ಹೊಸದೇನಲ್ಲ, ಒಂದು ಮೂಲಭೂತ ವ್ಯತ್ಯಾಸವನ್ನು ಮಾತ್ರ ಒಪ್ಪಿಕೊಳ್ಳಬೇಕು. ಕನ್ನಡದ ಪ್ರಸ್ತಾರ ನಿಂತಿರುವುದು ಲಘು, ಗುರು ಎಂಬ ಕಾಲಪ್ರಮಾಣದ ಮೇಲೆ; ಇಂಗ್ಲಿಷ್ ಛಂದಸ್ಸು ನಿಂತಿರುವುದು ಒತ್ತಿನ ಮೇಲೆ. ಮ್ಯಾಕ್‌ಬೆತ್ ರಂಗಕ್ಕೆ ಬಂದು ಆಡುವ ಮೊದಲ ಸಾಲು ‘ಸೋ ಫೌಲ್ ಅಂಡ್ ಫೇರ್ ಎ ಡೇ ಐ ಹ್ಯಾವ್ ನಾಟ್ ಸೀನ್’. ಹತ್ತು ಪದ, ಹತ್ತು ಸಿಲಬಲ್ (ಉಚ್ಚಾರಾಂಶ). ಒತ್ತು ಬೀಳುವುದು ಎರಡು, ನಾಲ್ಕು, ಆರು, ಎಂಟು ಮತ್ತು ಹತ್ತನೆಯವುಗಳ ಮೇಲೆ. ಒತ್ತಿಲ್ಲದ್ದು ಮೊದಲು, ಒತ್ತಿರುವುದು ಅನಂತರ ಬರುವ ಇಂಥ ಐದು ಜೋಡಿಗಳ ಸಾಲು ಐಯಾಂಬಿಕ್ ಪೆಂಟಾಮೀಟರ್. ಇಲ್ಲಿ ‘ಸೋ’ ದೀರ್ಘಾಕ್ಷರ, ನಿಮ್ಮ ಕೈ ತಾನಾಗಿಯೇ ಅದಕ್ಕೆ ಗುರು ಹಾಕುತ್ತದೆ, ಆದರೆ ಅದಕ್ಕೆ ಒತ್ತಿಲ್ಲ. ಮಾಟಗಾತಿಯರ ‘ಡಬಲ್, ಡಬಲ್, ಟಾಯ್ಲ್ ಅಂಡ್ ಟ್ರಬಲ್’ ಸಾಲಿನಲ್ಲಿ ಕ್ರಮ ತಿರುಗುಮುರುಗಾಗಿದೆ: ‘ಡಬಲ್’ ಪದದ ‘ಡ’ ಹ್ರಸ್ವವಾದರೂ ಒತ್ತು ಅಲ್ಲಿಯೇ ಇದೆ. ಒತ್ತು ಮೊದಲು ಬರುವ ಈ ಗಣ ಟ್ರೋಕಿ. ಅಲೌಕಿಕ ಜೀವಿಗಳಿಗೆ ಒಂದು ಲಯ, ಮನುಷ್ಯರಿಗೆ ಇನ್ನೊಂದು ಲಯ ಎಂಬುದು ಗೊತ್ತಾದ ಮೇಲೆ ಛಂದಸ್ಸು ಒಣ ಲೆಕ್ಕವಾಗಿ ಉಳಿಯುವುದಿಲ್ಲ. ಮ್ಯಾಕ್‌ಬೆತ್‌ನ ಮೊದಲ ಸಾಲಿನಲ್ಲೇ ಮಾಟಗಾತಿಯರ ‘ಫೌಲ್’, ‘ಫೇರ್’ ಪದಗಳು ಅವರನ್ನು ಭೇಟಿಯಾಗುವ ಮೊದಲೇ ಬಂದಿರುವುದನ್ನೂ, ಅಷ್ಟು ಹೊತ್ತು ಪದ್ಯದಲ್ಲಿ ಮಾತಾಡುತ್ತಿದ್ದ ಲೇಡಿ ಮ್ಯಾಕ್‌ಬೆತ್ ನಿದ್ರಾನಡಿಗೆಯ ದೃಶ್ಯದಲ್ಲಿ ಗದ್ಯಕ್ಕೆ ಇಳಿಯುವುದನ್ನೂ ಇದರ ಜೊತೆಗೆ ಬರೆಯಬಹುದು.

ಗೈಡಿನ ಸಾರಾಂಶ ಸಾಕೇ ಎಂದು ಕೇಳಿದ್ದೀರಿ. ಕಥೆಯ ಜಾಡು ತಿಳಿಯಲು ಸಾಕು. ಉತ್ತರ ಬರೆಯಲು ಸಾಲದು, ಏಕೆಂದರೆ ಅದರಲ್ಲಿ ನೀವು ಉದ್ಧರಿಸಬೇಕಾದ ಮಾತುಗಳಿರುವುದಿಲ್ಲ. ‘ಮ್ಯಾಕ್‌ಬೆತ್’ ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲಿ ಅತ್ಯಂತ ಚಿಕ್ಕದು. ಐದು ವಾರದಲ್ಲಿ ಮೂಲವನ್ನು ಪೂರ್ತಿಯಾಗಿ ಒಮ್ಮೆ ಓದಬಹುದು, ಮತ್ತು ಓದಲೇಬೇಕು. ಮೂಲ ಕಷ್ಟವೆನಿಸಿದರೆ ಡಿ.ವಿ.ಜಿ. ಅವರ ಕನ್ನಡ ಅನುವಾದವನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ಇದೇ ನಾಟಕದ ಹಳೆಯ ಕನ್ನಡ ರೂಪಾಂತರ. ಅದನ್ನು ಪರೀಕ್ಷೆ ಮುಗಿದ ಮೇಲೆ ಸಂತೋಷಕ್ಕಾಗಿ ಓದಿ, ಏಕೆಂದರೆ ರೂಪಾಂತರದಲ್ಲಿ ಹೆಸರು ಮತ್ತು ಸನ್ನಿವೇಶಗಳು ಬದಲಾಗಿರುವುದರಿಂದ ಈಗ ಓದಿದರೆ ಎರಡೂ ಕಲಸಿಹೋಗುತ್ತವೆ. ಪೂರ್ತಿ ಓದಾದ ಮೇಲೆ ಮೊದಲ ಅಂಕದ ಮೂರು, ನಾಲ್ಕು, ಐದು ಮತ್ತು ಏಳನೇ ದೃಶ್ಯಗಳು, ಎರಡನೇ ಅಂಕದ ಮೊದಲ ಮೂರು ದೃಶ್ಯಗಳು, ಬ್ಯಾಂಕೋನ ಪ್ರೇತ ಔತಣಕ್ಕೆ ಬರುವ ಮೂರನೇ ಅಂಕದ ನಾಲ್ಕನೇ ದೃಶ್ಯ, ಐದನೇ ಅಂಕದ ಒಂದು ಮತ್ತು ಐದನೇ ದೃಶ್ಯಗಳು ಇವಿಷ್ಟನ್ನು ಮತ್ತೆ ನಿಧಾನವಾಗಿ ಓದಿ. ಪ್ರತಿ ದೃಶ್ಯದಿಂದ ಆರೇಳು ಪದಗಳಿಗಿಂತ ಉದ್ದವಲ್ಲದ ಎರಡು ಉದ್ಧರಣೆಗಳನ್ನು ಆರಿಸಿ ಕಂಠಸ್ಥ ಮಾಡಿ. ಬಾಯಿಪಾಠಕ್ಕೆ ನನ್ನ ವಿರೋಧವಿಲ್ಲ. ಬಾಯಿಪಾಠ ಮಾಡುವುದಾದರೆ ಗೈಡಿನ ವಾಕ್ಯಗಳಿಗಿಂತ ಷೇಕ್ಸ್‌ಪಿಯರನ ಸಾಲುಗಳನ್ನು ಮಾಡುವುದು ಲಾಭಕರ.

ಕಾದಂಬರಿಯ ಲೆಕ್ಕಾಚಾರ ಬೇರೆ. 1813ರಲ್ಲಿ ಪ್ರಕಟವಾದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಗೆ 61 ಅಧ್ಯಾಯಗಳಿವೆ. ನೀವು ಈಗಾಗಲೇ ಒಮ್ಮೆ ಓದಿದ್ದರೆ ಮರುಓದಿಗೆ ಮೊದಲ ಅಧ್ಯಾಯ, ನಾಯಕಿ ಎಲಿಜಬೆತ್ ಬೆನೆಟ್ ಎದುರು ಅವಳ ಬಂಧು ಕಾಲಿನ್ಸ್ ಮದುವೆಯ ಪ್ರಸ್ತಾಪ ಮಾಡುವ 19ನೇ ಅಧ್ಯಾಯ, ಸಿರಿವಂತ ಡಾರ್ಸಿಯ ಮೊದಲ ಪ್ರಸ್ತಾಪ, ಅವನ ಪತ್ರ ಮತ್ತು ಎಲಿಜಬೆತ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ 34ರಿಂದ 36ನೇ ಅಧ್ಯಾಯಗಳು, ಡಾರ್ಸಿಯ ಮನೆಯಾದ ಪೆಂಬರ್ಲಿಗೆ ಹೋಗುವ 43, ಅವನ ತಾಯಿಯ ಸಹೋದರಿ ಲೇಡಿ ಕ್ಯಾಥರೀನ್ ಬಂದು ಬೆದರಿಸುವ 56, ಎರಡನೇ ಪ್ರಸ್ತಾಪದ 58 ಇವುಗಳನ್ನು ಆರಿಸಿಕೊಳ್ಳಿ. 36ನೇ ಅಧ್ಯಾಯವೇ ಇಡೀ ಕೃತಿಯ ತಿರುವು. ಡಾರ್ಸಿಯ ಪತ್ರವನ್ನು ಎಲಿಜಬೆತ್ ಮೊದಲು ಕೋಪದಿಂದ ಓದಿ, ಮತ್ತೆ ಎತ್ತಿಕೊಂಡು ವಾಕ್ಯವಾಕ್ಯವಾಗಿ ತೂಗಿ ನೋಡಿ, ತನ್ನನ್ನು ತಾನು ಈ ಗಳಿಗೆಯವರೆಗೂ ಅರಿತಿರಲಿಲ್ಲವೆಂದು ಒಪ್ಪಿಕೊಳ್ಳುವುದು ಇಲ್ಲಿ. ಮೊದಲ ವಾಕ್ಯದ ಐರನಿಯನ್ನು ಕೇಳದ ಪ್ರಶ್ನೆಪತ್ರಿಕೆ ಅಪರೂಪ. ಸಿರಿವಂತನಾದ ಅವಿವಾಹಿತನಿಗೆ ಹೆಂಡತಿ ಬೇಕೇ ಬೇಕು ಎಂಬುದು ಲೋಕವೆಲ್ಲ ಒಪ್ಪಿದ ಸತ್ಯ ಎಂದು ಗಂಭೀರವಾಗಿ ಹೇಳುವ ಆ ವಾಕ್ಯದ ಹಿಂದೆ, ಹೆಣ್ಣುಮಕ್ಕಳಿರುವ ಮನೆಗಳಿಗೆ ಸಿರಿವಂತ ಅಳಿಯ ಬೇಕು ಎಂಬ ನಿಜ ಅಡಗಿದೆ. ಹಾಗೇಕೆ ಬೇಕು ಎಂಬುದಕ್ಕೆ ಕಾರಣ ಆಸ್ತಿಯ ಕಾನೂನಿನಲ್ಲಿದೆ: ಬೆನೆಟ್ ಕುಟುಂಬದ ಲಾಂಗ್‌ಬರ್ನ್ ಆಸ್ತಿ ಗಂಡು ವಾರಸುದಾರರಿಗೆ ಮಾತ್ರ ಸಲ್ಲುವಂತೆ ಕಟ್ಟುಪಾಡಿಗೆ ಒಳಗಾಗಿದ್ದು, ತಂದೆ ತೀರಿಕೊಂಡರೆ ಐವರು ಹೆಣ್ಣುಮಕ್ಕಳನ್ನು ಬಿಟ್ಟು ಅದು ಕಾಲಿನ್ಸನ ಪಾಲಾಗುತ್ತದೆ. ಎಲಿಜಬೆತ್ ಗೆಳತಿ ಷಾರ್ಲಟ್ ಲ್ಯೂಕಸ್ ಅಂಥ ಕಾಲಿನ್ಸನನ್ನೇ ಮದುವೆಯಾಗಲು ಒಪ್ಪಿದ್ದನ್ನು ಗೈಡುಗಳು ಅವಳ ದೌರ್ಬಲ್ಯವೆಂದು ಬರೆಯುತ್ತವೆ. ಅವಳ ಮುಂದಿದ್ದ ದಾರಿಗಳೆಷ್ಟು ಎಂಬುದನ್ನು ಯೋಚಿಸಿ ಬರೆಯುವ ಉತ್ತರ ಅದಕ್ಕಿಂತ ಮೇಲ್ಮಟ್ಟದ್ದಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಶೆಲ್ಲಿಯ ಕವಿತೆ ಯಾವುದೆಂದು ನೀವು ತಿಳಿಸಿಲ್ಲ. 1818ರ ‘ಓಜಿಮ್ಯಾಂಡಿಯಸ್’ ಆಗಿದ್ದರೆ 14 ಸಾಲಿನ ಅದನ್ನು ಪೂರ್ತಿಯಾಗಿ ಕಂಠಸ್ಥ ಮಾಡಿಬಿಡಿ. ನನ್ನ ಕೃತಿಗಳನ್ನು ನೋಡಿ ಹತಾಶರಾಗಿ ಎಂದು ಪೀಠದ ಮೇಲೆ ಕೆತ್ತಿಸಿದ ದೊರೆಯ ಸುತ್ತ ಈಗ ಮರಳು ಮಾತ್ರ ಇದೆ ಎಂಬಲ್ಲಿ ಸಿಚುಯೇಶನಲ್ ಐರನಿ ಇದೆ. ಕವಿಗೆ ಒಬ್ಬ ಪ್ರವಾಸಿ ಹೇಳಿದ್ದು, ಪ್ರವಾಸಿ ಶಾಸನದಲ್ಲಿ ಓದಿದ್ದು, ಶಾಸನದಲ್ಲಿ ದೊರೆ ಹೇಳಿದ್ದು ಎಂದು ಮಾತು ಮೂರು ಬಾಯಿಗಳನ್ನು ದಾಟಿ ಬರುವುದನ್ನೂ ಗಮನಿಸಿ.

ಲೇಖಕರ ಜೀವನಚರಿತ್ರೆಗೆ ಸಮಯ ವ್ಯರ್ಥ ಮಾಡಬೇಡಿ. ಎಲ್ಲಿ ಹುಟ್ಟಿದ, ಯಾರನ್ನು ಮದುವೆಯಾದ ಎಂದು ಅರ್ಧ ಪುಟ ಬರೆದರೂ ಅದಕ್ಕೆ ಅಂಕವಿಲ್ಲ. ಕೃತಿಯ ಅರ್ಥಕ್ಕೆ ತಾಗುವ ಸಂದರ್ಭವನ್ನು ಮಾತ್ರ ಒಂದೆರಡು ವಾಕ್ಯಗಳಲ್ಲಿ ತನ್ನಿ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದದ್ದು, 1605ರಲ್ಲಿ ಅವನನ್ನು ಪಾರ್ಲಿಮೆಂಟಿನೊಡನೆ ಸಿಡಿಸುವ ಸಂಚು ಬಯಲಾದದ್ದು, ಮರುವರ್ಷದ ಸುಮಾರಿಗೆ ರಾಜಹತ್ಯೆಯ ಬಗೆಗಿನ ಈ ನಾಟಕ ಬಂದದ್ದು ಹೇಳತಕ್ಕ ಸಂಗತಿಗಳು.

ವ್ಯಾಕರಣಕ್ಕೆ ಬರೋಣ. ದಪ್ಪ ವ್ಯಾಕರಣ ಪುಸ್ತಕದ ಮೊದಲ ಪುಟದಿಂದ ಆರಂಭಿಸಿದರೆ ಐದು ವಾರದಲ್ಲಿ ನಾಮಪದ ದಾಟುವುದಿಲ್ಲ. ಕನ್ನಡದ ವಾಕ್ಯರಚನೆ ಇಂಗ್ಲಿಷಿನ ಒಳಗೆ ಎಲ್ಲೆಲ್ಲಿ ತಲೆಹಾಕುತ್ತದೆಯೋ ಅಲ್ಲಿಂದ ಆರಂಭಿಸಿ, ಏಕೆಂದರೆ ನಿಮ್ಮ ತಪ್ಪುಗಳ ಬಹುಪಾಲು ಅಲ್ಲಿಯೇ ಇರುತ್ತದೆ. ಮೊದಲನೆಯದು ರಿಪೋರ್ಟೆಡ್ ಸ್ಪೀಚ್. ‘ನಾನು ನಾಳೆ ಬರುತ್ತೇನೆ ಎಂದು ರಾಮು ಹೇಳಿದ’ ಎಂಬುದು ಶುದ್ಧ ಕನ್ನಡ. ನಮ್ಮ ‘ಎಂದು’ ಆಡಿದವನ ಮಾತನ್ನು ಹಾಗೆಯೇ ಎತ್ತಿ ಒಳಗಿಟ್ಟುಕೊಳ್ಳುತ್ತದೆ. ‘ನಾನು’ ಬದಲಾಗುವುದಿಲ್ಲ, ‘ನಾಳೆ’ ಬದಲಾಗುವುದಿಲ್ಲ, ಕ್ರಿಯಾಪದದ ಕಾಲವೂ ಬದಲಾಗುವುದಿಲ್ಲ. ಇಂಗ್ಲಿಷಿನ ‘ದಟ್’ ಹಾಗಲ್ಲ, ಮೂರನ್ನೂ ಬದಲಿಸುತ್ತದೆ: ‘ರಾಮು ಸೆಡ್ ದಟ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ’. ವ್ಯಕ್ತಿ, ಸಮಯ, ಕಾಲ ಎಂದು ಮೂರು ಬಾರಿ ತಡೆದು ಪರಿಶೀಲಿಸುವ ಅಭ್ಯಾಸ ಮಾಡಿಕೊಳ್ಳಿ.

ಕಾಲದ ವಿಷಯದಲ್ಲಿ ಎರಡು ಜಾಗಗಳಲ್ಲಿ ಎಡವುತ್ತೇವೆ. ‘ಅವನು ನಿನ್ನೆಯೇ ಊರಿಗೆ ಹೋಗಿದ್ದಾನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳಬಹುದು, ಆದರೆ ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ‘ಯೆಸ್ಟರ್‌ಡೇ’ಯಂಥ ಮುಗಿದ ಸಮಯವನ್ನು ಸಹಿಸುವುದಿಲ್ಲ, ಅಲ್ಲಿ ‘ಹೀ ವೆಂಟ್’ ಎಂದೇ ಬರಬೇಕು. ಎರಡನೆಯದು ‘ಇಂದ’. ಸೋಮವಾರದಿಂದ, ಐದು ವರ್ಷಗಳಿಂದ ಎರಡಕ್ಕೂ ನಮಗೆ ಒಂದೇ ಪ್ರತ್ಯಯ; ಇಂಗ್ಲಿಷಿನಲ್ಲಿ ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಜೊತೆಗೆ ಕನ್ನಡದಲ್ಲಿ ‘ಐದು ವರ್ಷಗಳಿಂದ ಇಲ್ಲಿದ್ದೇನೆ’ ಎಂದು ವರ್ತಮಾನ ಕಾಲದಲ್ಲೇ ಹೇಳುವುದರಿಂದ ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ಎರಡು ತಪ್ಪುಗಳ ವಾಕ್ಯ ಹುಟ್ಟುತ್ತದೆ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂಬುದು ಸರಿ. ಕ್ವೆಶ್ಚನ್ ಟ್ಯಾಗಿನಲ್ಲಿ ನಮ್ಮ ‘ಅಲ್ಲವೇ’ ಎಲ್ಲ ವಾಕ್ಯಗಳಿಗೂ ಹೊಂದುವುದರಿಂದ ‘ಈಸಂಟ್ ಇಟ್’ ಎಂದು ಎಲ್ಲ ಕಡೆ ಹಚ್ಚುವ ರೂಢಿ ಬಂದಿದೆ. ಟ್ಯಾಗ್ ಯಾವಾಗಲೂ ವಾಕ್ಯದ ಸಹಾಯಕ ಕ್ರಿಯಾಪದವನ್ನೂ ಕರ್ತೃವನ್ನೂ ಅನುಸರಿಸಬೇಕು. ‘ಡಿಸ್ಕಸ್ ಅಬೌಟ್’ ಎಂಬುದು ‘ಬಗ್ಗೆ ಚರ್ಚಿಸು’ ಎಂಬುದರ ನೆರಳು, ‘ಅಬೌಟ್’ ಬೇಡ. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬುದೂ ತಪ್ಪು. ಇರುವಿಕೆ, ಅರಿವು, ಇಷ್ಟ ಇವುಗಳನ್ನು ಹೇಳುವ ಕ್ರಿಯಾಪದಗಳು ಸಾಮಾನ್ಯವಾಗಿ ಕಂಟಿನ್ಯುಯಸ್ ರೂಪಕ್ಕೆ ಬರುವುದಿಲ್ಲ.

ಆರ್ಟಿಕಲ್‌ಗಳಲ್ಲಿ ‘ಎ’ ಮತ್ತು ‘ಆ್ಯನ್’ ಆಯ್ಕೆಗೂ ಕನ್ನಡ ಲಿಪಿಯ ಪರೀಕ್ಷೆ ನಡೆಯುತ್ತದೆ. ‘ಯೂನಿವರ್ಸಿಟಿ’ ಯಕಾರದಿಂದ ಆರಂಭವಾಗುತ್ತದೆ, ಹಾಗಾಗಿ ‘ಎ’, ಗಂಟೆ ಎಂಬ ಅರ್ಥದ ‘ಅವರ್’ ಸ್ವರದಿಂದ, ಹಾಗಾಗಿ ‘ಆ್ಯನ್’, ‘ಎಂ.ಎ.’ ಪದವಿಯೂ ಸ್ವರದಿಂದ, ಅದಕ್ಕೂ ‘ಆ್ಯನ್’. ಸಾಹಿತ್ಯದ ವಿದ್ಯಾರ್ಥಿಗಳು ಜಾರುವ ಒಂದು ಅಪವಾದವೆಂದರೆ ಏಕಾಂಕ ನಾಟಕವನ್ನು ಸೂಚಿಸುವ ‘ಒನ್ ಆ್ಯಕ್ಟ್ ಪ್ಲೇ’. ನಾವು ಒಕಾರದಿಂದ ಬರೆದರೂ ಉಚ್ಚಾರಣೆ ವಕಾರದಿಂದ ಆರಂಭವಾಗುವುದರಿಂದ ಅಲ್ಲಿ ‘ಎ’ ಬರಬೇಕು.

ಅಭ್ಯಾಸದ ವಾಕ್ಯಗಳನ್ನು ವ್ಯಾಕರಣ ಪುಸ್ತಕದಿಂದ ಹುಡುಕುವ ಬದಲು ಪಠ್ಯದಿಂದಲೇ ಕಟ್ಟಿಕೊಳ್ಳಿ. ಮ್ಯಾಕ್‌ಬೆತ್ ಡಂಕನ್‌ನನ್ನು ಕೊಂದ ಎಂಬುದನ್ನು ಪ್ಯಾಸಿವ್‌ಗೆ ತಿರುಗಿಸಿ, ಲೇಡಿ ಕ್ಯಾಥರೀನ್ ಮತ್ತು ಎಲಿಜಬೆತ್ ನಡುವಿನ ಜಗಳವನ್ನು ರಿಪೋರ್ಟೆಡ್ ಸ್ಪೀಚ್‌ಗೆ ತಿರುಗಿಸಿ, ಗ್ರೇಯ ‘ಹೋಮ್‌ವರ್ಡ್ ಪ್ಲಾಡ್ಸ್’ ಸಾಲಿನ ಪದಗಳನ್ನು ಸಾಮಾನ್ಯ ಗದ್ಯದ ಕ್ರಮಕ್ಕೆ ತನ್ನಿ. ಒಂದೇ ಗಂಟೆಯಲ್ಲಿ ವ್ಯಾಕರಣವೂ ಕಥೆಯೂ ಒಟ್ಟಿಗೆ ಮರುಪಾಠವಾಗುತ್ತವೆ. ಹಾಗೆಯೇ ಸಾಹಿತ್ಯದ ಉತ್ತರಗಳಲ್ಲಿ ಕೃತಿಯೊಳಗಿನ ಘಟನೆಗಳನ್ನು ಉದ್ದಕ್ಕೂ ವರ್ತಮಾನ ಕಾಲದಲ್ಲಿ ಬರೆಯುವುದು ಇಂಗ್ಲಿಷಿನ ಸಂಪ್ರದಾಯ. ಅರ್ಧ ಉತ್ತರ ‘ಕಿಲ್ಸ್’, ಇನ್ನರ್ಧ ‘ಕಿಲ್ಡ್’ ಎಂದಾದರೆ ಓದುವವರಿಗೆ ಕಿರಿಕಿರಿಯಾಗುತ್ತದೆ.

ಐದು ವಾರಗಳನ್ನು ವಿಷಯವಾರು ಹಂಚಬೇಡಿ. ಮೊದಲ ವಾರದಲ್ಲಿ ಓದಿ ಮುಗಿಸಿದ ಅಲಂಕಾರಗಳು ಐದನೇ ವಾರಕ್ಕೆ ಮಾಸಿಹೋಗಿರುತ್ತವೆ. ಪ್ರತಿದಿನ ಒಂದು ದೃಶ್ಯ ಅಥವಾ ಅಧ್ಯಾಯ, ಅದರಲ್ಲಿ ಸಿಕ್ಕ ಎರಡು ಮೂರು ಸಾಲುಗಳ ಸಮನ್ವಯ, ಆ ಕಥಾಭಾಗದ ಮೇಲೆಯೇ ಹತ್ತು ವ್ಯಾಕರಣದ ವಾಕ್ಯ ಎಂದು ಇಟ್ಟುಕೊಳ್ಳಿ. ರಾತ್ರಿ ಪುಸ್ತಕ ಮುಚ್ಚಿ, ಆ ದಿನ ಓದಿದ್ದನ್ನು ನೆನಪಿನಿಂದ ಬರೆಯಿರಿ. ಬರೆಯಲಾಗದೆ ಉಳಿದದ್ದನ್ನು ಮರುದಿನ ಮೊದಲು ನೋಡಿ. ಎರಡೆರಡು ಬಾರಿ ಓದಿ ಅಡಿಗೆರೆ ಎಳೆದಾಗ ಎಲ್ಲ ತಿಳಿದಿದೆ ಎಂಬ ಭಾವನೆ ಬರುತ್ತದೆ, ಆದರೆ ಪರೀಕ್ಷಾ ಕೊಠಡಿಯಲ್ಲಿ ಬೇಕಾಗುವುದು ಪುಸ್ತಕವಿಲ್ಲದೆ ನೆನಪಿಗೆ ತರುವ ಶಕ್ತಿ. ಮೂರನೇ ವಾರದಿಂದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಅಲಂಕಾರದ ಅಭ್ಯಾಸಕ್ಕೆ ಗೆಳೆಯರೊಬ್ಬರಿಂದ ಬೇರೆ ಬೇರೆ ಕೃತಿಗಳ ಸಾಲುಗಳನ್ನು ಹೆಸರು ಹೇಳದೆ ಕಲಸಿ ಬರೆಸಿಕೊಳ್ಳಿ. ಹತ್ತು ಸಿಮಿಲಿಗಳನ್ನು ಸಾಲಾಗಿ ಮಾಡಿದರೆ ಹನ್ನೊಂದನೆಯದನ್ನು ನೋಡದೆಯೇ ಸಿಮಿಲಿ ಎಂದುಬಿಡುತ್ತೇವೆ.

ಪರೀಕ್ಷೆಯಲ್ಲಿ ಹೆಸರಿನ ಅಕ್ಷರಗಳನ್ನು ಸರಿಯಾಗಿ ಬರೆಯಿರಿ. ಆಸ್ಟೆನ್ ಹೆಸರಿನ ಕಾಗುಣಿತವನ್ನು ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಂತೆ ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಕೈಬರಹದಲ್ಲಿ ನಾಟಕ ಮತ್ತು ಕಾದಂಬರಿಯ ಹೆಸರುಗಳಿಗೆ ಅಡಿಗೆರೆ ಹಾಕಿ, ಚಿಕ್ಕ ಕವಿತೆಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಬರೆಯಿರಿ. ‘ಮ್ಯಾಕ್‌ಬೆತ್’ ಎಂಬುದು ಪಾತ್ರದ ಹೆಸರೂ ಆಗಿರುವುದರಿಂದ ನೀವು ನಾಟಕದ ಬಗ್ಗೆ ಹೇಳುತ್ತಿದ್ದೀರೋ ಮನುಷ್ಯನ ಬಗ್ಗೆ ಹೇಳುತ್ತಿದ್ದೀರೋ ಎಂಬುದು ಆ ಅಡಿಗೆರೆಯಿಂದಲೇ ತಿಳಿಯಬೇಕು.